ಹೊಸನಗರ ಕಡೆ ವಿಶೇಷ ಮಕ್ಕಳ ಓದಿಗೆ ಯಾರನ್ನು ಕೇಳಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ: ಹೊಸನಗರ ತಾಲೂಕಿನಲ್ಲಿ ನಮ್ಮದು ಒಂಟಿ ಮನೆ. ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇದೆ. ಹಿಡಿದುಕೊಂಡು ನಡೆಯುತ್ತಾನೆ. ಮಾತು ನಿಧಾನ, ಆದರೆ ಹೇಳಿದ್ದೆಲ್ಲ ಅರ್ಥವಾಗುತ್ತದೆ. ಶಾಲೆಯಲ್ಲಿ "ಅಂಗವಿಕಲರ ಕಾರ್ಡ್ ಮಾಡಿಸಿಕೊಂಡು ಬನ್ನಿ, ಆಮೇಲೆ ನೋಡೋಣ" ಅಂದರು. ಮನೆಯವರು ತೋಟ ಬಿಟ್ಟು ಬರುವ ಹಾಗಿಲ್ಲ. ನಾನೊಬ್ಬಳೇ ಮಗನನ್ನು ಕರೆದುಕೊಂಡು ಶಿವಮೊಗ್ಗದಲ್ಲಿ ಇರಬೇಕಾ?

ತೀರ್ಥಹಳ್ಳಿ ಕಡೆಯ ತಾಯಿ: ಬಾಡಿಗೆ ಮನೆ ಹುಡುಕೋದು ಸದ್ಯಕ್ಕೆ ಬಿಡಿ ಅಕ್ಕಾ. ಕಾರ್ಡ್ ಬೇಕು ನಿಜ, ಆದರೆ ಅದಿಲ್ಲ ಅಂತ ಶಾಲೆಗೆ ಸೇರಿಸದೆ ಇರುವ ಹಾಗಿಲ್ಲ. 6ರಿಂದ 14 ವರ್ಷದ ಮಗುವನ್ನು ಊರಿನ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಇದೆ. ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯ ಇದ್ದರೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ 18 ವರ್ಷದವರೆಗೂ ಉಚಿತ ಶಿಕ್ಷಣ. ಹಾಗಂತ ಹೆಡ್ ಮಾಸ್ಟರ್ ಜೊತೆ ಜಗಳಕ್ಕೆ ನಿಲ್ಲಬೇಡಿ. ನಾಳೆ ಮಗನನ್ನು ನೋಡಿಕೊಳ್ಳುವವರು ಅವರೇ ಅಲ್ವಾ.

ಮೊದಲು ತಾಲೂಕಿನ ಬಿಆರ್‌ಸಿಗೆ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಹೋಗಿ, ಬಿಐಇಆರ್‌ಟಿ ಯಾರು ಅಂತ ಕೇಳಿ. ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರ್ ಅವರು. ನಮ್ಮ ಶಾಲೆಗೆ ಅವರೇ ಬಂದು ಮಾತಾಡಿದ ಮೇಲೆ ಎಲ್ಲ ಸಲೀಸಾಯಿತು. ಬಾಯಲ್ಲಿ ಹೇಳಿ ಬರಬೇಡಿ, ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಸಾರಿಗೆ ಭತ್ಯೆ, ಮಗುವನ್ನು ಕರೆದುಕೊಂಡು ಹೋಗಿ ಬರುವವರಿಗೆ ಕೊಡುವ ಬೆಂಗಾವಲು ಭತ್ಯೆ, ಸಾಧನ ಸಲಕರಣೆ ಕೊಡುವ ವೈದ್ಯಕೀಯ ಶಿಬಿರ ಯಾವಾಗ, ಎಲ್ಲ ಅಲ್ಲೇ ಕೇಳಿ. ಕೇಳದಿದ್ದರೆ ಯಾರೂ ಹೇಳಲ್ಲ.

ಇನ್ನೊಂದು ಮಾತು. "ಗೃಹಾಧಾರಿತ ಶಿಕ್ಷಣಕ್ಕೆ ಹೆಸರು ಹಾಕುತ್ತೇವೆ, ಮನೆಗೇ ಬಂದು ಕಲಿಸುತ್ತಾರೆ" ಅಂದರೆ ಸುಮ್ನೆ ತಲೆಯಾಡಿಸಬೇಡಿ. ಶಾಲೆಗೆ ಬರಲು ಆಗದೇ ಇರುವಷ್ಟು ತೀವ್ರ ತೊಂದರೆ ಇರುವ ಮಕ್ಕಳಿಗೆ ಅದು. ನಿಮ್ಮವನು ನಡೆಯುತ್ತಾನೆ. ಅವನಿಗೆ ಜೊತೆಯ ಮಕ್ಕಳು ಬೇಕು. ಒಂಟಿ ಮನೆಯಲ್ಲಿ ಜೊತೆಗೆ ಯಾರಿದ್ದಾರೆ, ದನ, ಕರು, ಅಜ್ಜಿ!

ಸಾಗರದ ತಂದೆ: ಕಾರ್ಡ್ ವಿಷಯ ನಾನು ಹೇಳುತ್ತೇನೆ. ಯುಡಿಐಡಿ ಅಂತ ಅದು, ವಿಕಲಚೇತನರ ಗುರುತಿನ ಚೀಟಿ. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ತಪಾಸಣೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕು. ಹಳೇ ರಿಪೋರ್ಟ್, ಸ್ಕ್ಯಾನ್ ಎಲ್ಲ ಒಂದೇ ಫೈಲಿನಲ್ಲಿರಲಿ. ಆನ್‌ಲೈನ್ ಬರದಿದ್ದರೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಹೇಳಿ, ಅದು ಅವರ ಕೆಲಸವೇ. ಕಾರ್ಡ್ ಬಂದರೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್ ಸಿಗುತ್ತದೆ, ಮನೆಯಿಂದ 100 ಕಿ.ಮೀ. ಒಳಗೆ. ನಮ್ಮ ಕಡೆ ಓಡೋದು ಜಾಸ್ತಿ ಖಾಸಗಿ ಬಸ್ಸೇ, ಆ ಮಾತು ಬೇರೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ 'ನಿರಾಮಯ' ಆರೋಗ್ಯ ವಿಮೆಗೂ ಹಾಕಿ. ವರ್ಷಕ್ಕೆ 1 ಲಕ್ಷದವರೆಗೆ ಇದೆ, ಥೆರಪಿ ಖರ್ಚೂ ಸೇರುತ್ತದೆ. ಸೆರೆಬ್ರಲ್ ಪಾಲ್ಸಿ ಅದರ ಪಟ್ಟಿಯಲ್ಲಿದೆ.

ಕೊಪ್ಪದ ನಿವೃತ್ತ ಶಿಕ್ಷಕಿ: ಕಾರ್ಡ್ ಅನ್ನೋದು ನೆಪ. "ಬಾತ್‌ರೂಮಿಗೆ ಯಾರು ಕರೆದುಕೊಂಡು ಹೋಗೋದು, ಬಿದ್ದರೆ ಯಾರು ಹೊಣೆ" ಅನ್ನೋದು ಮೇಷ್ಟ್ರುಗಳ ಭಯ. ನೀವೇ ಮೊದಲು ಆ ವಿಷಯ ತೆಗೆಯಿರಿ. ಶುರುವಿನಲ್ಲಿ ಅರ್ಧ ದಿನ ಕಳಿಸುತ್ತೇವೆ, ನಡುವೆ ಒಮ್ಮೆ ಬಂದು ನೋಡುತ್ತೇವೆ ಅಂದರೆ ಅರ್ಧ ಒಪ್ಪಿದ ಹಾಗೆ.

ಬೆರಳು ಹಿಡಿತ ಸಾಲದಿದ್ದರೆ ಹಳೇ ಸೈಕಲ್ ಟ್ಯೂಬ್ ಅನ್ನು ಪಟ್ಟಿಯಾಗಿ ಕತ್ತರಿಸಿ ಪೆನ್ಸಿಲ್‌ಗೆ ಬಿಗಿಯಾಗಿ ಸುತ್ತಿ. ದಪ್ಪ ಆಗುತ್ತದೆ, ಬೆವರಿದರೂ ಜಾರಲ್ಲ. ಪುಸ್ತಕದ ಮೂಲೆಗಳನ್ನು ಬಟ್ಟೆ ಕ್ಲಿಪ್ಪಿನಿಂದ ರಟ್ಟಿಗೆ ಸಿಕ್ಕಿಸಿ. ನೆಲದ ಮೇಲೆ ಕೂರಿಸುವುದಾದರೆ ಎರಡು ಗೋಡೆ ಕೂಡುವ ಮೂಲೆಯಲ್ಲಿ ಕೂರಿಸಿ, ಬೆನ್ನಿಗೆ ಆಸರೆ. ಮುಂದೆ ಎಸ್ಸೆಸ್ಸೆಲ್ಸಿಗೆ ಬರೆಯಲು ಸಹಾಯಕರು, ಹೆಚ್ಚುವರಿ ಸಮಯ ಎಲ್ಲ ಇದೆ. ಈಗಲೇ ಚಿಂತೆ ಬೇಡ.

ಭದ್ರಾವತಿಯ ತಾಯಿ: ಎಲ್ಲರೂ ಊರಿನ ಶಾಲೆ ಅನ್ನುತ್ತಿದ್ದೀರಿ, ಅದಕ್ಕೆ ಹೇಳುತ್ತೇನೆ. ನನ್ನ ಮಗಳಿಗೆ ಕಿವಿ ಕೇಳಲ್ಲ. ಊರಿನ ಶಾಲೆಯಲ್ಲಿ ಬೋರ್ಡ್ ನೋಡಿ ಚಂದ ನಕಲು ಮಾಡುತ್ತಿದ್ದಳು, ಏನು ಬರೆದೆ ಅಂತ ಕೇಳಿದರೆ ಗೊತ್ತಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ತೋರಿಸಿದ ಮೇಲೆ ಕಿವುಡ ಮಕ್ಕಳ ಶಾಲೆಗೇ ಹಾಕಿದೆವು. ಸನ್ನೆಯಲ್ಲಿ ಈಗ ವಾದವನ್ನೇ ಮಾಡುತ್ತಾಳೆ. ನಿಮ್ಮ ಮಗನ ವಿಷಯ ಬೇರೆ, ಅವನು ಊರಿನ ಶಾಲೆಗೇ ಹೋಗಲಿ. ಆದರೆ ಮಾತು ನಿಧಾನ ಅಂದಿರಲ್ಲ, ಮೆಗ್ಗಾನ್‌ಗೆ ಹೋದಾಗ ಕಿವಿ ಪರೀಕ್ಷೆಯನ್ನೂ ಮಾಡಿಸಿಕೊಂಡು ಬನ್ನಿ.