ರ‍್ಯಾಂಪ್, ಲಿಫ್ಟ್, ವೆಬ್‌ಸೈಟ್: ಆಡಿಟರ್ ಮೇಡಂಗೆ ಕೇಳಿ

ಅಡ್ಮಿನ್: ಮುಂಬೈ ಕನ್ನಡಿಗರ ಗುಂಪಿನ ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ಆರ್ಕಿಟೆಕ್ಟ್ ಮೇಡಂ ಸಿಕ್ಕಿದ್ದಾರೆ. ಕಟ್ಟಡ, ಅಂಗಡಿ, ವೆಬ್‌ಸೈಟು ಅಂಗವಿಕಲರಿಗೆ ಬಳಸೋಕೆ ಆಗುತ್ತಾ ಅಂತ ಆಡಿಟ್ ಮಾಡೋದೇ ಅವರ ಕೆಲಸ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಚೆಂಬೂರಿನ ಹೋಟೆಲ್‌ನವರು: ಮೇಡಂ ನಮ್ಮದು ಸಣ್ಣ ಹೋಟೆಲ್, 14 ಜನ ಹುಡುಗರು. 20 ಜನಕ್ಕಿಂತ ಕಮ್ಮಿ ಇದ್ರೆ ಅಂಗವಿಕಲರ ಹಕ್ಕಿನ ಕಾನೂನು ಲಾಗು ಇಲ್ಲ ಅಂತ ಮೆಸೇಜ್ ಬಂದಿತ್ತು, ಹೌದಾ?

ಆಡಿಟರ್: ಅಲ್ಲ. ಆ 20ರ ಲೆಕ್ಕ ಬರೋದು ಕೆಲಸಗಾರರಿಗೆ ಸಮಾನ ಅವಕಾಶದ ಪಾಲಿಸಿ ಬರೆಯೋ ವಿಷಯದಲ್ಲಿ, ನಿಮ್ಮ ಬಾಗಿಲ ಮೆಟ್ಲಿಗೂ ಅದಕ್ಕೂ ಸಂಬಂಧ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕರು ಬಂದು ಹೋಗೋ ಖಾಸಗಿ ಕಟ್ಟಡವೂ ಸಾರ್ವಜನಿಕ ಕಟ್ಟಡವೇ. ಹೋಟೆಲ್ ಅದರಲ್ಲಿ ಬಂತು.

ಮುಲುಂಡ್ ಸದಸ್ಯ: ಅಕ್ಕ, ಅಮ್ಮನಿಗೆ ಸ್ಟ್ರೋಕ್ ಆಗಿ ಈಗ ವೀಲ್‌ಚೇರ್. ಗೇಟಿಂದ ಲಿಫ್ಟಿಗೆ ಹೋಗ್ಲಿಕ್ಕೆ ಮೂರು ಮೆಟ್ಲು ಉಂಟು, ಒಂದೂವರೆ ಅಡಿ ಆಗ್ಬಹುದು. ಕಮಿಟಿಯವರು ಅಂತೂ ಒಪ್ಪಿದ್ರು. ನಾಳೆ ಬೆಳಿಗ್ಗೆ ಕಾಂಟ್ರಾಕ್ಟರ್ ಬರ್ತಾನೆ, ಆರು ಅಡಿಯಲ್ಲಿ ರ‍್ಯಾಂಪ್ ಮಾಡಿ ಮೇಲೆ ಲಾಬಿಯದ್ದೇ ಗ್ರಾನೈಟ್ ಹಾಕಿ ಕೊಡ್ತಾನಂತೆ. ಸಾಕಲ್ವಾ?

ಆಡಿಟರ್: ಈಗಲೇ ಅವನಿಗೆ ಫೋನ್ ಮಾಡಿ ನಾಳೆ ಬರೋದು ಬೇಡ ಅನ್ನಿ. ಆಮೇಲೆ ಇದನ್ನ ಓದಿ. ಇಳಿಜಾರು 1:12 ಇರಬೇಕು, ಅಂದ್ರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಿಮ್ಮ ಒಂದೂವರೆ ಅಡಿಗೆ 18 ಅಡಿ ಬೇಕು, ಅವನು ಆರು ಅಡಿಯಲ್ಲಿ ಮುಗಿಸ್ತೀನಿ ಅಂತಿದ್ದಾನೆ, ಮೂರು ಪಟ್ಟು ಕಡಿದು ಅದು. ಹತ್ತಿಸುವಾಗ ಮುಂದಿನ ಸಣ್ಣ ಚಕ್ರ ಎದ್ದು ಕುರ್ಚಿ ಹಿಂದಕ್ಕೆ ವಾಲುತ್ತೆ, ತಳ್ಳೋರ ಮೇಲೇ ಬೀಳುತ್ತೆ. ಇಳಿಸುವಾಗ ನಿಮ್ಮ ಕೈಯಲ್ಲಿ ಹಿಡಿತ ನಿಲ್ಲಲ್ಲ. ಸ್ಟ್ರೋಕ್ ಆದವರಿಗೆ ಒಂದು ಕಡೆ ಕೈಯಲ್ಲಿ ಬಲ ಇರಲ್ಲ, ಜಾರಿದ್ರೆ ಹಿಡ್ಕೊಳ್ಳೋಕೂ ಆಗಲ್ಲ. ಅದರ ಮೇಲೆ ಪಾಲಿಶ್ ಗ್ರಾನೈಟ್, ಜುಲೈನಲ್ಲಿ ನೀರು ಬಿದ್ರೆ ಏನಾಗುತ್ತೆ ನೀವೇ ನೋಡಿದ್ದೀರಿ. ಇಂಥ ರ‍್ಯಾಂಪಿಗಿಂತ ಆ ಮೂರು ಮೆಟ್ಲೇ ವಾಸಿ, ಮೆಟ್ಲಲ್ಲಾದ್ರೂ ಎಲ್ಲರೂ ಹುಷಾರಾಗಿರ್ತಾರೆ.

ಹಾಗಂತ ಕೈಬಿಡಬೇಡಿ. ಇವತ್ತೇ ಟೇಪ್ ತಗೊಂಡು ಹೋಗಿ ಒಂದೊಂದು ಮೆಟ್ಲಿನ ಎತ್ತರ ಅಳೀರಿ, ಅಂದಾಜು ಬೇಡ. ಪಾರ್ಕಿಂಗ್ ಕಡೆ, ಹಿಂದುಗಡೆ ಬೇರೆ ಬಾಗಿಲಿದ್ರೆ ಅಲ್ಲೂ ಅಳೀರಿ. ನಮ್ಮ ಹಳೇ ಬಿಲ್ಡಿಂಗುಗಳಲ್ಲಿ ಕಾಂಪೌಂಡಿಗೆ ಮತ್ತೆ ಮತ್ತೆ ಪೇವರ್ ಬ್ಲಾಕ್ ಹಾಕಿ ನೆಲ ಒಂದೊಂದು ಕಡೆ ಒಂದೊಂದು ಮಟ್ಟ ಇರುತ್ತೆ, ಮುಂದೆ ಮೂರು ಮೆಟ್ಲು ಹಿಂದೆ ಒಂದೇ ಇರೋದನ್ನ ಎಷ್ಟೋ ಕಡೆ ನೋಡಿದ್ದೀನಿ. ಜಾಗ ನೇರ ಸಿಗದಿದ್ರೆ ಗೋಡೆ ಪಕ್ಕ ಎಲ್ ಆಕಾರದಲ್ಲಿ ತಿರುಗಿಸಬಹುದು, ತಿರುಗೋ ಜಾಗದಲ್ಲಿ ಒಂದೂವರೆ ಮೀಟರ್ ಚೌಕದ ಸಮತಟ್ಟು ಬೇಕೇ ಬೇಕು. ಎರಡೂ ಕಡೆ ಹಿಡಿಗಂಬಿ, ಅಂಚಿಗೆ ಸಣ್ಣ ಕಟ್ಟೆ, ನೆಲ ಒರಟು. ಅದೂ ಆಗದಿದ್ರೆ ಮೆಟ್ಲ ಪಕ್ಕ ಮೇಲೆ ಕೆಳಗೆ ಹೋಗೋ ಪ್ಲಾಟ್‌ಫಾರ್ಮ್ ಲಿಫ್ಟ್ ಹಾಕಿಸಬಹುದು. ಇನ್ನೊಂದು, ನಿಮ್ಮ ಲಿಫ್ಟ್ ಮನೆ ಮಟ್ಟದಲ್ಲಿ ನಿಲ್ಲುತ್ತಾ ಇಲ್ಲಾ ಎರಡು ಮಹಡಿ ಮಧ್ಯದ ಲ್ಯಾಂಡಿಂಗಲ್ಲಾ? ಲಿಫ್ಟ್ ಬಾಗಿಲಲ್ಲಿ ಅಮ್ಮನ ಕುರ್ಚಿ ಹಿಡಿಸುತ್ತಾ? ಅಮ್ಮನನ್ನೂ ಕೇಳಿ, ಕೂತು ಹೋಗೋರು ಅವರು.

ಠಾಣೆ ಸದಸ್ಯ: ಒಂದು ಮಾತು. ನಾನೂ ಕಮಿಟಿಯಲ್ಲಿ ಇದ್ದೀನಿ. 80 ಫ್ಲ್ಯಾಟಲ್ಲಿ ಒಬ್ಬರಿಗೋಸ್ಕರ ಎಲ್ಲರ ಮೇಂಟೆನೆನ್ಸ್ ದುಡ್ಡು ಹಾಕ್ಬೇಕು ಅಂದ್ರೆ ಜನ ಕೇಳ್ತಾರೆ.

ಡೊಂಬಿವಲಿ ಸದಸ್ಯ: ಸರ್ ನನಗೆ ಕಣ್ಣು ಕಾಣಲ್ಲ, ಬ್ಯಾಂಕಲ್ಲಿ ಕೆಲಸ ಮಾಡ್ತೀನಿ, ನಾನೂ ಮೇಂಟೆನೆನ್ಸ್ ಕಟ್ತೀನಿ. ಮೆಟ್ಲಿಗೆ ಲೈಟ್ ಹಾಕಿದಾಗ ನಾನು ಯಾಕೆ ಅಂತ ಕೇಳಿದ್ನಾ?

ಠಾಣೆ ಸದಸ್ಯ: ನಿಮ್ಮ ಬಗ್ಗೆ ಹೇಳಿಲ್ಲ, ಪರ್ಸನಲ್ ತಗೋಬೇಡಿ.

ಪುಣೆ ಸದಸ್ಯ: ಪರ್ಸನಲ್ ಅಲ್ದ ಮತ್ತೇನ್ರಿ? ನಾಳೆ ನಿಮ್ಮ ಮೊಣಕಾಲು ಹೋದ್ರ ಗೊತ್ತಾಗತೈತಿ.

ಅಂಧೇರಿ ಸದಸ್ಯೆ: ಮೇಡಂ ನಂದು ಸೀರೆ ವೆಬ್‌ಸೈಟ್ ಇದೆ. ಒಂದು ಲೈನ್ ಕೋಡ್ ಹಾಕಿದ್ರೆ ಪೂರ್ತಿ ಆಕ್ಸೆಸಿಬಲ್ (ಅಂಗವಿಕಲರೂ ಬಳಸೋ ಹಾಗೆ) ಆಗುತ್ತೆ, ಕೇಸ್ ಬರಲ್ಲ ಅಂತ ಒಬ್ರು ಕಳಿಸಿದ್ದಾರೆ, ಹಾಕ್ಲಾ?

ಆಡಿಟರ್: ಬೇಡ. ಹೀಗೇ ಹೇಳಿ ಮಾರಿದ್ದಕ್ಕೆ ಅಮೆರಿಕದ ಗ್ರಾಹಕ ರಕ್ಷಣೆ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2025ರಲ್ಲಿ ಒಂದು ಕಂಪನಿ ಹತ್ರ 10 ಲಕ್ಷ ಡಾಲರ್ ಕಕ್ಕಿಸಿದೆ. ಪ್ರತಿ ಸೀರೆ ಫೋಟೋಗೂ ಬಣ್ಣ, ಅಂಚು, ಬಟ್ಟೆ ಏನು ಅಂತ ಪಠ್ಯ ಬರೆಯಿರಿ. ಮೌಸ್ ಮುಟ್ಟದೆ ಬರೀ ಟ್ಯಾಬ್ ಕೀಲಿ ಒತ್ತುತ್ತಾ ಪೇಮೆಂಟ್ ತನಕ ಹೋಗಿ ನೋಡಿ. ತಿಳಿ ಬೂದು ಅಕ್ಷರ ತೆಗೀರಿ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಬೇಕು.

ಡೊಂಬಿವಲಿ ಸದಸ್ಯ: ನಾನೂ ಸೇರಿಸ್ತೀನಿ. ಹೋಟೆಲ್ ಟೇಬಲ್ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿದ್ರೆ ಮೆನು ಫೋಟೋ ಬರುತ್ತೆ, ನನ್ನ ಫೋನು "ಇಮೇಜ್" ಅಂತ ಓದಿ ಸುಮ್ಮನಾಗುತ್ತೆ. ನಮ್ಮ ಕನ್ನಡ ಸಂಘಗಳ ಪತ್ರಿಕೆ ಪಿಡಿಎಫ್ ಇನ್ನೂ ಕಷ್ಟ, ಯೂನಿಕೋಡ್ ಅಲ್ಲದ ಹಳೇ ಫಾಂಟಲ್ಲಿ ಟೈಪ್ ಮಾಡಿರ್ತಾರೆ, ಪರದೆ ಮೇಲಿನದನ್ನ ಓದಿ ಹೇಳೋ ಎನ್‌ವಿಡಿಎ ಸಾಫ್ಟ್‌ವೇರ್ ಹಾಕಿ ಕೇಳಿದ್ರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬಡಬಡಿಸುತ್ತೆ. ದುಡ್ಡು ಖರ್ಚಿಲ್ಲ ಇದಕ್ಕೆ, ಯೂನಿಕೋಡಲ್ಲಿ ಟೈಪ್ ಮಾಡಿದ್ರೆ ಸಾಕು.

ಆಡಿಟರ್: ಎಲ್ಲ ಸಂಘದವರೂ ಇದನ್ನ ಓದಿ. ಡಿಜಿಟಲ್ ಸೇವೆ ಸಿಗೋದು ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ, ಆನ್‌ಲೈನ್ ಕೆವೈಸಿಗೆ (ಗುರುತು ಪರಿಶೀಲನೆಗೆ) ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಅನ್ನೋ ಕೇಸಲ್ಲಿ. ಆಸಿಡ್ ದಾಳಿಯಲ್ಲಿ ಕಣ್ಣು ಹೋದವರು ಎಲ್ಲಿಂದ ಮಿಟುಕಿಸ್ತಾರೆ?

ಗೋವಾ ಸದಸ್ಯ: ಮಡಗಾಂವಲ್ಲಿ ನಮ್ಮ ಹೋಮ್‌ಸ್ಟೇ ಇದೆ, ಎಷ್ಟು ರೂಮಿಗೆ ಮಾಡಿಸ್ಬೇಕು?

ಸಯನ್ ಸದಸ್ಯ: ಮಡಚೋ ಅಲ್ಯುಮಿನಿಯಂ ರ‍್ಯಾಂಪ್ 3 ಅಡಿ, ಯಾವ ಮೆಟ್ಲಿಗೂ ಆಗುತ್ತೆ, ಪರ್ಮಿಷನ್ ಬೇಡ. ಎಲ್ಲರಿಗೂ ಶೇರ್ ಮಾಡಿ 🙏

ಆಡಿಟರ್: ಶೇರ್ ಮಾಡ್ಬೇಡಿ. ಮೂರು ಅಡಿ ರ‍್ಯಾಂಪ್ ಮೂರು ಇಂಚು ಎತ್ತರಕ್ಕೆ ಮಾತ್ರ.

ಘಾಟ್ಕೋಪರ್ ಸದಸ್ಯ: 20 ಜನಕ್ಕಿಂತ ಕಮ್ಮಿ ಸ್ಟಾಫ್ ಇದ್ರೆ ವಿನಾಯಿತಿ ಇದೆಯಲ್ಲ ಮೇಡಂ?

ಆಡಿಟರ್: ಮೇಲೆ ಓದಿ.

ಮುಲುಂಡ್ ಸದಸ್ಯ: ಅಕ್ಕ ಕಾಂಟ್ರಾಕ್ಟರನ್ನ ನಿಲ್ಲಿಸಿದೆ. ಅಳತೆ ಮಾಡಿದೆ, ಮುಂದೆ 21 ಇಂಚು. ಪಾರ್ಕಿಂಗ್ ಕಡೆ ಒಂದೇ ಮೆಟ್ಲು, 5 ಇಂಚು. ಆದ್ರೆ ಆ ಬಾಗಿಲಿಗೆ ಸೊಸೈಟಿಯವರು ಬೀಗ ಹಾಕಿದ್ದಾರೆ, ಸೆಕ್ಯೂರಿಟಿ ಕಾರಣ ಅಂತೆ.

ಆಡಿಟರ್: 5 ಇಂಚಿಗೆ 5 ಅಡಿ ಸಾಕು, ಅದನ್ನೇ ಮಾಡಿಸಿ. ಬೀಗ ತೆಗೆಸೋಕೆ ಸೆಕ್ರೆಟರಿಗೆ ಲಿಖಿತ ಅರ್ಜಿ ಕೊಡಿ, ರಿಸೀವ್ಡ್ ಸಹಿ ತಗೊಳ್ಳಿ. ಕೋ-ಆಪರೇಟಿವ್ ಸೊಸೈಟಿಯೂ ಈ ಕಾಯ್ದೆಯಲ್ಲಿ ಖಾಸಗಿ ಸಂಸ್ಥೆ ಅಂತಲೇ ಇದೆ. ಕೇಳದಿದ್ರೆ ಪುಣೆಯಲ್ಲಿ ರಾಜ್ಯದ ದಿವ್ಯಾಂಗ ಆಯುಕ್ತರ ಕಚೇರಿ ಇದೆ, ಅಲ್ಲಿಗೆ ದೂರು ಕೊಡಿ. ಲಿಫ್ಟ್ ಎಲ್ಲಿ ನಿಲ್ಲುತ್ತೆ ಅಂತ ನೀವಿನ್ನೂ ಹೇಳಿಲ್ಲ.

ಠಾಣೆ ಸದಸ್ಯ: ಹೀಗೆ ಎಲ್ಲರಿಗೂ ದೂರು ಕೊಡಿ ಅಂತ ಹೇಳಿಕೊಟ್ರೆ ಸೊಸೈಟಿ ನಡೆಸೋದು ಹೇಗೆ? ಅದೂ ಈ ರೂಲ್ಸ್ ಕಡ್ಡಾಯ ಅಲ್ಲ ಅಂತ ಕೋರ್ಟೇ ಹೇಳಿದೆಯಂತೆ.

ಆಡಿಟರ್: ಉಲ್ಟಾ ಹೇಳ್ತಿದ್ದೀರಿ. 2024ರ ನವೆಂಬರ್ 8ರ ರಾಜೀವ್ ರತೂರಿ ಕೇಸಲ್ಲಿ ಸುಪ್ರೀಂ ಕೋರ್ಟಿನವರು, ಈ ಕಾಯ್ದೆಯ ಕೆಳಗಿನ ನಿಯಮ ಬರೀ ಸಲಹೆ ಥರ ಇದೆ, ಕಾಯ್ದೆ ಕಡ್ಡಾಯ ಅಂದಮೇಲೆ ನಿಯಮವೂ ಕಡ್ಡಾಯ ಆಗಬೇಕು ಅಂತ ಹೇಳಿ 15(1)ನೇ ನಿಯಮ ಹೊಡೆದುಹಾಕಿದ್ರು. ಕಾಯ್ದೆ ಮೀರಿದ್ರೆ ಮೊದಲ ಸಲ 10,000 ತನಕ ದಂಡ, ಆಮೇಲೆ 50,000ದಿಂದ 5 ಲಕ್ಷ. ತೀರ್ಪು ಓದದೆ ಹೆದರಿಸಬೇಡಿ, ಮುಲುಂಡಲ್ಲೊಬ್ಬ ತಾಯಿ ಮನೆಯಿಂದ ಕೆಳಗಿಳಿಯೋಕೆ ಆಗದೆ ಕೂತಿದ್ದಾರೆ.

ಠಾಣೆ ಸದಸ್ಯ: ನೀವು ಪ್ರೊಫೆಷನಲ್, ಹೀಗೆ ಮಾತಾಡ್ಬಾರ್ದು.

ಪುಣೆ ಸದಸ್ಯ: ಅವರು ಮಾತಾಡಿದ್ದು ಬರೋಬರ್ ಐತಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಗೋವಾ ಸದಸ್ಯ: ಮೇಡಂ, ಹೋಮ್‌ಸ್ಟೇದು ಕೇಳಿದ್ದೆ.

ಮುಲುಂಡ್ ಸದಸ್ಯ: ಲಿಫ್ಟ್ ಮಧ್ಯದ ಲ್ಯಾಂಡಿಂಗಲ್ಲೇ ನಿಲ್ಲೋದು ಅಕ್ಕ, ಅಲ್ಲಿಂದ ಮನೆಗೆ ಇನ್ನೂ ಏಳು ಮೆಟ್ಲು.

ಆಡಿಟರ್: ಹಾಗಾದ್ರೆ ರ‍್ಯಾಂಪ್ ಒಂದರಿಂದ ಆಗಲ್ಲ. ಮೆಟ್ಲ ಅಗಲ, ರೇಲಿಂಗ್ ಯಾವ ಕಡೆ ಇದೆ ಎರಡೂ ಫೋಟೋ ಹಾಕಿ. ಅಲ್ಲಿ ತನಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಬೇಡಿ, ಕಾಲು ಮುರಿಯುತ್ತೆ ಅದರದ್ದು.