ಸಣ್ಣ ರಿಯಾಕ್ಟರ್, ಬಿಸಿನೀರಿನ ಪರೀಕ್ಷೆ: ಗ್ರೂಪಿನಲ್ಲಿ ಮೇಡಂ ಜೊತೆ ಪ್ರಶ್ನೋತ್ತರ

ಸದಸ್ಯ 1: ನಮಸ್ಕಾರ ಮೇಡಂ. ಸಣ್ಣ ಅಣು ರಿಯಾಕ್ಟರಿನಲ್ಲಿ ನೀರು, ಬಿಸಿ ಹೇಗೆ ಹರಿಯುತ್ತವೆ ಎಂದು ನೋಡಲು ಕಟ್ಟುವ ಪರೀಕ್ಷೆಯ ಮಾದರಿಯಲ್ಲಿ ನಿಜವಾದ ಯುರೇನಿಯಂ ಇರುತ್ತದಾ?

ಮೇಡಂ: ನಮಸ್ಕಾರ. ಇಲ್ಲ, ಇಂಧನ ಸರಳುಗಳ ಜಾಗದಲ್ಲಿ ಕರೆಂಟ್ ಹೀಟರ್ ಇರುತ್ತವೆ. ನ್ಯೂಸ್ಕೇಲ್ ಎಂಬ ಸಣ್ಣ ರಿಯಾಕ್ಟರಿನ ವಿನ್ಯಾಸಕ್ಕೆ ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಟ್ಟಿದ, ಮೂರನೇ ಒಂದರಷ್ಟು ಅಳತೆಯ ಮಾದರಿಯೂ ಹಾಗೇ.

ಸದಸ್ಯ 2: ಚಿಕ್ಕ ಮಾದರಿಯ ಫಲಿತಾಂಶ ದೊಡ್ಡದಕ್ಕೆ ಹೊಂದುತ್ತದಾ?

ಮೇಡಂ: ಎಲ್ಲವೂ ಒಟ್ಟಿಗೆ ಹೊಂದುವುದಿಲ್ಲ. ಅಲ್ಲೇ ಇದ್ದ ಆಪೆಕ್ಸ್ ಎಂಬ ಇನ್ನೊಂದು ಮಾದರಿಯ ಎತ್ತರ ನಿಜವಾದ ರಿಯಾಕ್ಟರಿನ ಕಾಲುಭಾಗ. ಅದರಲ್ಲಿ ಪರೀಕ್ಷೆಗೆಂದು ಮಾಡಿದ ಅಪಘಾತ ಎರಡು ಪಟ್ಟು ಬೇಗ ನಡೆದು ಮುಗಿಯುತ್ತಿತ್ತು. ಜೊತೆಗೆ, ಪಾತ್ರೆ ಚಿಕ್ಕದಾದಷ್ಟೂ ಗೋಡೆಯಿಂದ ಸೋರುವ ಬಿಸಿಯ ಪಾಲು ಜಾಸ್ತಿ. ಮೊದಲು ಅದನ್ನು ಅಳೆಯದಿದ್ದರೆ ಉಳಿದ ಲೆಕ್ಕ ಸುಳ್ಳು.

ವಿದ್ಯಾರ್ಥಿ: ಮೇಡಂ, ಪಂಪ್ ಇಲ್ಲದ ಉಕ್ಕಿನ ಲೂಪ್ (ನೀರು ಸುತ್ತುವ ಪೈಪ್) ಕಟ್ಟಿದ್ದೇವೆ. ಕೆಳಗೆ ಹೀಟರ್, ಮೇಲೆ ಕೂಲರ್. ಪವರ್ ಏರಿಸಿದರೆ ಹರಿವು 8 ಸೆಕೆಂಡಿಗೊಮ್ಮೆ ಏರಿಳಿಯುತ್ತದೆ. ಹೀಟರಿನ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಒಮ್ಮೊಮ್ಮೆ 70 ಡಿಗ್ರಿ ಜಿಗಿಯುತ್ತದೆ. ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಟ್ರಿಪ್ ಪದೇಪದೇ ಬೀಳುತ್ತಿತ್ತು, ಅದನ್ನು ಬೈಪಾಸ್ ಮಾಡಿದ್ದೇವೆ.

ಮೇಡಂ: ಮೊದಲು ಹೀಟರ್ ಆಫ್ ಮಾಡಿ. ಆಮೇಲೆ ಓದಿ.

ಆ 70 ಡಿಗ್ರಿ ಜಿಗಿತ ಎಂದರೆ, ಹೀಟರಿನ ಮೈಮೇಲೆ ನೀರಿನ ಬದಲು ಹಬೆಯ ಪದರ ಕೂರುತ್ತಿದೆ. ನೀರು ಹೊತ್ತೊಯ್ಯುವಷ್ಟು ಬಿಸಿಯನ್ನು ಹಬೆ ಒಯ್ಯಲಾರದು. ನೀರಿನಿಂದ ನಡೆಯುವ ಸಣ್ಣ ರಿಯಾಕ್ಟರಿನಲ್ಲಿ ಹಬೆ ಹೆಚ್ಚಾದರೆ ನ್ಯೂಟ್ರಾನ್‌ಗಳು ಸಾಕಷ್ಟು ನಿಧಾನವಾಗುವುದಿಲ್ಲ, ಪವರ್ ತಾನಾಗಿಯೇ ಇಳಿಯುತ್ತದೆ. ನಿಮ್ಮ ಹೀಟರಿಗೆ ಆ ಬುದ್ಧಿ ಇಲ್ಲ. ಸುಟ್ಟುಹೋಗುವವರೆಗೂ ಅಷ್ಟೇ ಕಿಲೋವ್ಯಾಟ್ ಸುರಿಯುತ್ತದೆ. ಅದನ್ನು ತಡೆಯಲು ಇದ್ದದ್ದು ಆ ಟ್ರಿಪ್ ಒಂದೇ!

ಏರಿಳಿತದ ಕಥೆ ಬೇರೆ. ಹಬೆ ಜಾಸ್ತಿಯಾದರೆ ಮೇಲಿನ ಪೈಪಿನಲ್ಲಿ ತಡೆ ಹೆಚ್ಚಿ, ಒಳಬರುವ ನೀರು ಕಡಿಮೆಯಾಗುತ್ತದೆ. ನೀರು ಕಡಿಮೆಯಾದರೆ ಹಬೆ ಇನ್ನೂ ಜಾಸ್ತಿ. ಆದರೆ ಆ ಬದಲಾವಣೆ ಪೈಪಿನ ತುದಿ ಮುಟ್ಟಲು ಹೊತ್ತು ಬೇಕು. ಆ ತಡದಿಂದಲೇ ಈ ಉಯ್ಯಾಲೆ. ನೀರು ಹೀಟರಿಗೆ ಬರುವ ಕಡೆ ತಡೆ ಹೆಚ್ಚಿಸಿದರೆ ಅದು ಶಾಂತವಾಗುತ್ತದೆ. ಹರಿವು ಸ್ವಲ್ಪ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಪವರ್ ಇಳಿಸಬೇಕು.

ಸದಸ್ಯ 3: ಫಾರ್ವರ್ಡ್ ಬಂದಿದೆ: "ಹೊರಹೋಗುವ ವಾಲ್ವ್ ಅರ್ಧ ಮುಚ್ಚಿ, ಏರಿಳಿತ ತಕ್ಷಣ ನಿಲ್ಲುತ್ತೆ. ಎಲ್ಲರಿಗೂ ಕಳುಹಿಸಿ."

ಮೇಡಂ: ಯಾರಿಗೂ ಕಳುಹಿಸಬೇಡಿ. ಹೊರಹೋಗುವ ಕಡೆ ತಡೆದರೆ ಏರಿಳಿತ ಹೆಚ್ಚುತ್ತದೆ. ನಾನು ಈಗ ತಾನೇ ಬರೆದದ್ದು ಅದರ ತದ್ವಿರುದ್ಧ. ಓದಿದ್ದೀರಾ?

ಸದಸ್ಯ 4: ರಿಯಾಕ್ಟರಿನ ನೀರು, ಬಿಸಿಯ ಲೆಕ್ಕ ಹಾಕುವ ರಿಲ್ಯಾಪ್ ಸಾಫ್ಟ್‌ವೇರ್ ಇರುವಾಗ ಈ ಪೈಪ್ ಕೆಲಸ ಯಾಕೆ?

ಸದಸ್ಯ 5: ಅದರೊಳಗಿನ ಎಷ್ಟೋ ಸೂತ್ರಗಳು ಬಂದದ್ದೇ ಇಂಥ ಪೈಪುಗಳಿಂದ.

ಸದಸ್ಯ 4: ಅದೆಲ್ಲ ಹಳೇ ಕಾಲ.

ಸದಸ್ಯ 5: ಒಂದು ವಾಲ್ವ್ ಆದರೂ ತಿರುಗಿಸಿದ್ದೀರಾ ಸ್ವಾಮಿ?

ಸದಸ್ಯ 6: ಸೋಲಾರ್ ಹಾಕಿದರೆ ಈ ತಲೆನೋವೇ ಇಲ್ಲ.

ಸದಸ್ಯ 5: ಶುರುವಾಯ್ತು ಇವರದ್ದು.

ಸದಸ್ಯ 7: ಸುರುಳಿ ಕೊಳವೆಯ ಸ್ಟೀಮ್ ಜನರೇಟರ್ ಅದುರುವುದನ್ನು ಹೇಗೆ ಅಳೆಯುತ್ತಾರೆ?

ಸದಸ್ಯ 8: ಮಾದರಿಗೆ ಯುರೇನಿಯಂ ಹಾಕ್ತಾರಾ?

ಮೇಡಂ: ಮೇಲೆ ನೋಡಿ.

ಸದಸ್ಯ 3: ಆಫ್ ಮಾಡಿದ ಮೇಲೆ ರಿಯಾಕ್ಟರ್ ತಣ್ಣಗಾಗಲೇಬೇಕು. ಸುಮ್ನೆ ಹೆದರಿಸ್ತೀರಿ.

ಮೇಡಂ: ಆಫ್ ಆದ ಕ್ಷಣ ಪೂರ್ಣ ಪವರಿನ ಸುಮಾರು 6–7% ಬಿಸಿ ಇಂಧನದಲ್ಲಿ ಹುಟ್ಟುತ್ತಲೇ ಇರುತ್ತದೆ. ಗಂಟೆ ಕಳೆದರೂ 1%ಕ್ಕಿಂತ ಜಾಸ್ತಿ. 2011ರಲ್ಲಿ ಫುಕುಶಿಮಾದಲ್ಲಿ ಇಂಧನ ಕರಗಿಸಿದ್ದು ಈ ಉಳಿದ ಬಿಸಿಯೇ. ಮುಂದಿನ ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಸದಸ್ಯ 3: ಕೇಳಿದ್ದೇ ತಪ್ಪಾಯ್ತಾ?

ಮೇಡಂ: ವಿದ್ಯಾರ್ಥಿ ಎಲ್ಲಿ? ಆಫ್ ಮಾಡಿದಿರಾ?

ವಿದ್ಯಾರ್ಥಿ: ಮಾಡಿದೆ. ಟ್ರಿಪ್ ಕೂಡ ಮತ್ತೆ ಜೋಡಿಸಿದೆ. ಈಗ ನೀರು ಬಸಿದು ನೋಡಲಾ?

ಮೇಡಂ: ಬೇಡ. ಒತ್ತಡದಲ್ಲಿರುವ ಬಿಸಿನೀರು ವಾಲ್ವ್ ತೆಗೆದ ಕೂಡಲೇ ಹಬೆಯಾಗಿ ಚಿಮ್ಮುತ್ತದೆ. ಪೂರ್ತಿ ತಣ್ಣಗಾಗಿ ಒತ್ತಡ ಇಳಿಯಲಿ. ನಾಳೆ ಗ್ರಾಫ್ ಕಳುಹಿಸಿ.

ಸದಸ್ಯ 8: ಮೇಲೆ ಎಲ್ಲಿ?