ಬೇಳೆ ಮಿಲ್‌ಗೆ ಯಾವ ಸರ್ವರ್ ಸಾಫ್ಟ್‌ವೇರ್?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ತೊಗರಿ ಬೇಳೆ ಮಿಲ್. 14 ಕಂಪ್ಯೂಟರ್, ಒಂದು ಸರ್ವರ್. ಅದರಲ್ಲಿ ಇನ್ನೂ ವಿಂಡೋಸ್ ಸರ್ವರ್ 2012 ಆರ್2 ಇದೆ. ಜನವರಿಯಲ್ಲಿ ತೊಗರಿ ಲಾರಿಗಳು ಗೇಟಿನಲ್ಲಿ ನಿಂತಾಗಲೇ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ಎರಡು ದಿನ ತೂಕದ ಚೀಟಿ ಕೈಯಲ್ಲೇ ಬರೆದೆವು, ಅಷ್ಟು ಸಂಕಟ ಯಾರಿಗೂ ಬೇಡ. ಹೊಸ ವಿಂಡೋಸ್ ತಗೊಳ್ಳಲಾ, ಲಿನಕ್ಸ್‌ನ ಉಬುಂಟುಗೆ ಹೋಗಲಾ?

ಉತ್ತರ: 2012 ಆರ್2 ಸಪೋರ್ಟ್ 2023ರ ಅಕ್ಟೋಬರ್‌ನಲ್ಲೇ ಮುಗಿದಿದೆ. ಮೊದಲು ಅದನ್ನು ಬಿಡಿ. ವಿಂಡೋಸ್ ಆದರೆ ಸಾಮಾನ್ಯವಾಗಿ ಸರ್ವರ್ ಲೈಸೆನ್ಸ್ ಒಂದೇ ಸಾಲದು, ಪ್ರತಿ ಬಳಕೆದಾರರಿಗೆ ಅಥವಾ ಕಂಪ್ಯೂಟರ್‌ಗೆ ಕ್ಯಾಲ್ (ಸರ್ವರ್ ಬಳಸಲು ಬೇಕಾದ ಪ್ರತ್ಯೇಕ ಲೈಸೆನ್ಸ್) ಬೇಕು. 14ನ್ನೂ ಸೇರಿಸಿ ಕೊಟೇಶನ್ ಕೇಳಿ.

ಬೀದರ್‌ನಿಂದ ಇನ್ನೊಬ್ಬರು: ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಸಪೋರ್ಟ್ ಇರುವ ಆವೃತ್ತಿ) ಪುಕ್ಕಟೆ, 5 ವರ್ಷ ಅಪ್‌ಡೇಟ್ ಬರುತ್ತದೆ. ಆದರೆ ಲೆಕ್ಕ ಟ್ಯಾಲಿಯಲ್ಲಿದೆಯಾ? ಅದು ವಿಂಡೋಸ್‌ಗೇ ಮಾಡಿದ್ದು. ರಾತ್ರಿ ಕೆಟ್ಟರೆ ಬರುವ ಲಿನಕ್ಸ್ ಬಲ್ಲವರು ಊರಲ್ಲಿದ್ದಾರಾ?

ಪ್ರಶ್ನೆ ಕೇಳಿದವರು: ಟ್ಯಾಲಿಯೇ ಅಣ್ಣಾ. ಹಾಗಾದರೆ ವಿಂಡೋಸೇ ಸರಿ. ಬ್ಯಾಕಪ್‌ಗೆ ಡಿಸ್ಕ್ ಮಾತ್ರ ನಾಳೆಯೇ ತರುತ್ತೇನೆ.